ಅಕ್ಕನ ಏಳನೇ ಮಹಡಿಯ ಬಾಗಿಲು

ಹಿರೀಸಾವೆ ದಾಟುವಾಗ

ಇಂಗ್ಲೆಂಡಿಗೆ ಹೋಗಿ ಬಂದವರು ಅರಮನೆ ನೋಡಿದೆ, ಸೇತುವೆ ನೋಡಿದೆ, ದೊಡ್ಡ ಗಡಿಯಾರ ನೋಡಿದೆ ಎನ್ನುತ್ತಾರೆ. ನಾನು ಕಣ್ತುಂಬ ನೋಡಿ ಬಂದದ್ದು ಒಂದು ಬಾಗಿಲನ್ನು, ಅದೂ ನಮ್ಮ ಅಕ್ಕನ ಮನೆಯ ಬಾಗಿಲನ್ನು. ನಗುವವರು ನಗಲಿ. ವಿಮಾನ ಹತ್ತಿಸಿ ಕಳಿಸಿದರೆ ಬಾಗಿಲು ನೋಡಿ ಬಂದಳು ಅಂತ ನಮ್ಮ ಯಜಮಾನರೇ ಈಗಲೂ ಅಂಗಡಿಗೆ ಬಂದವರ ಮುಂದೆ ಆಡಿಕೊಳ್ಳುತ್ತಾರೆ.

ನಮ್ಮದು ಹೊಳೆನರಸೀಪುರದಲ್ಲಿ ಬಿತ್ತನೆ ಬೀಜದ ಅಂಗಡಿ. ಆಲೂಗೆಡ್ಡೆ, ಜೋಳದ ಬಿತ್ತನೆ ಮುಗಿದು ಗಿರಾಕಿ ತೆಳುವಾದ ಮೇಲೆ ನಾನು ಹೊರಟೆ. ಹೊರಟದ್ದು ದೇಶ ನೋಡಲಿಕ್ಕಲ್ಲ, ಅಕ್ಕನನ್ನು ಒಂದು ಸಲ ಊರಿಗೆ ಕರೆದುಕೊಂಡು ಬರಲಿಕ್ಕೆ. ರತ್ನಕ್ಕ ಹಾಸನದಲ್ಲಿ ನರ್ಸಿಂಗ್ ಕಲಿತು, ಮದುವೆಯಾಗಿ ಭಾವನ ಜೊತೆ ಬರ್ಮಿಂಗ್‌ಹ್ಯಾಮಿಗೆ ಹೋದವಳು. ಅಲ್ಲೇ ಆಸ್ಪತ್ರೆಯಲ್ಲಿ ದುಡಿದು ನಿವೃತ್ತಿಯಾದಳು. ಮಕ್ಕಳಿಲ್ಲ. ಭಾವ ಹೋಗಿ ವರ್ಷಗಳಾದವು. ಮೊದಲೆಲ್ಲ ವರ್ಷ ಬಿಟ್ಟು ವರ್ಷ ಬರುತ್ತಿದ್ದವಳು ಬರುವುದನ್ನೇ ನಿಲ್ಲಿಸಿಬಿಟ್ಟಿದ್ದಳು. ಅವ್ವನ ತಿಥಿಗೂ ಬರಲಿಲ್ಲ. ಅರಕಲಗೂಡು ಕಡೆಯ ನಮ್ಮ ತವರಿನಲ್ಲಿ ಅಣ್ಣನಿಗೆ ಇದು ದೊಡ್ಡ ನೋವು. "ಅವ್ಳ್ಗೆ ನಾವು ಬ್ಯಾಡಾದ್ವು ಕಣವ್ವ, ಬುಡು" ಅಂತ ಬೇಸಾಯದ ಮಧ್ಯೆ ಮಧ್ಯೆ ಅನ್ನುತ್ತಲೇ ಇರುತ್ತಾನೆ. ಹೊರಡುವ ಮುಂಚೆ ಫೋನಿನಲ್ಲಿ ನನಗೆ ಹೇಳಿದ್ದೂ ಇಷ್ಟೇ: "ಓಗೋದು ಓಗ್ತಿದ್ದೀಯ. ಕರ್ಕೊಂಡೇ ಬಾ."

ಬೆಂಗಳೂರಿಗೆ ಹೊರಟ ಬಸ್ಸು ಹಿರೀಸಾವೆಯಲ್ಲಿ ಕಾಫಿಗೆ ನಿಂತಾಗ ನನ್ನ ಚೀಲ ಮತ್ತೊಮ್ಮೆ ಮುಟ್ಟಿ ನೋಡಿಕೊಂಡೆ. ರಾಗಿ ಹಿಟ್ಟು, ಹುರುಳಿಕಾಳು, ಅಕ್ಕನಿಗೆ ಪ್ರಾಣವಾದ ಹುಚ್ಚೆಳ್ಳು ಪುಡಿ. ಆ ಪುಡಿಯಿಂದಲೇ ಮೊದಲ ಫಜೀತಿ ಆಯಿತು. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಕಪ್ಪು ಪುಡಿಯ ಡಬ್ಬ ತೆಗೆಸಿ ಇದೇನು ಎಂದ. ನನ್ನ ಇಂಗ್ಲಿಷು ಬೀಜದ ಪ್ಯಾಕೆಟ್ಟು, ಔಷಧಿ ಡಬ್ಬದ ಮೇಲಿನ ಇಂಗ್ಲಿಷು. 'ಮಕ್ಕಳಿಂದ ದೂರವಿಡಿ' ಅನ್ನುವುದನ್ನು ಥಟ್ಟನೆ ಹೇಳಬಲ್ಲೆ, ಹುಚ್ಚೆಳ್ಳು ಅನ್ನುವುದನ್ನು ಹೇಳಲಾರೆ. ಬಾಯಿಗೆ ಒಂದು ಚಿಟಿಕೆ ಹಾಕಿಕೊಂಡು ತೋರಿಸಿದೆ. ಅವನು ಮೂಸಿ ನೋಡಿ, ಸೀನಿ, ಕಣ್ಣು ಒರೆಸಿಕೊಂಡು, 'ಹೋಗಿ' ಅಂತ ಕೈ ಬೀಸಿದ.

ಏಳನೇ ಮಹಡಿ

ಅಕ್ಕ ನಿಲ್ದಾಣಕ್ಕೆ ಬಂದಿರಲಿಲ್ಲ. ನನ್ನ ಹೆಸರು ಬರೆದ ರಟ್ಟು ಹಿಡಿದುಕೊಂಡು ಒಬ್ಬ ಕಾರಿನವನು ನಿಂತಿದ್ದ. ನನಗೆ ಸಿಟ್ಟು ಬಂತು. ನಮ್ಮ ಕಡೆ ಚನ್ನರಾಯಪಟ್ಟಣದಿಂದ ನೆಂಟರು ಬಂದರೂ ಬಸ್‌ಸ್ಟ್ಯಾಂಡಿಗೆ ಒಬ್ಬರು ಹೋಗಿ ಚೀಲ ಇಸಿದುಕೊಳ್ಳುತ್ತಾರೆ. ಸಮುದ್ರ ದಾಟಿ ಬಂದ ತಂಗಿಗೆ ಇಷ್ಟೇನಾ ಮರ್ಯಾದೆ ಅಂತ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಅಕ್ಕನ ಮನೆ ಇದ್ದದ್ದು ಒಂದು ಎತ್ತರದ ಕಟ್ಟಡದಲ್ಲಿ. ಲಿಫ್ಟಿನಿಂದ ಇಳಿದರೆ ಉದ್ದನೆಯ ಓಣಿ. ಎರಡೂ ಕಡೆ ಮುಚ್ಚಿದ ಬಾಗಿಲುಗಳು. ಒಂದು ಚಪ್ಪಲಿ ಇಲ್ಲ, ಒಂದು ರಂಗೋಲಿ ಎಳೆ ಇಲ್ಲ. ಊರಲ್ಲಿ ಹಾಡುಹಗಲು ಬೀದಿ ಬಾಗಿಲು ಮುಚ್ಚಿದ್ದರೆ ಸಾವಾಗಿರಬೇಕು, ಇಲ್ಲ ಜಗಳವಾಗಿರಬೇಕು. ಇಲ್ಲಿ ಇಡೀ ಓಣಿಗೇ ಸೂತಕ ಬಂದಂತಿತ್ತು.

ಗಂಟೆ ಒತ್ತಿ ಬಹಳ ಹೊತ್ತು ನಿಂತೆ. ಒಳಗೆ ಏನೋ ನೆಲಕ್ಕೆ ತಾಗುತ್ತಾ ಬರುವ ಸದ್ದು. ಬಾಗಿಲು ತೆಗೆದವಳು ಅಕ್ಕನೇ. ಎರಡೂ ಕೈಯಲ್ಲಿ ಕಬ್ಬಿಣದ ವಾಕರ್ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಎತ್ತಿಡುತ್ತಾ ನಿಂತಿದ್ದಳು. ವಿಡಿಯೋ ಕಾಲಿನಲ್ಲಿ ಯಾವಾಗಲೂ ಒಳ್ಳೆ ಸೀರೆ ಉಟ್ಟು ಕುರ್ಚಿಯಲ್ಲಿ ಕೂತ ಅಕ್ಕನ ಮುಖ ಕಾಣುತ್ತಿತ್ತು. ಆ ಮುಖದ ಕೆಳಗೆ ಇಂಥ ಕಾಲಿದೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ, ಹೊಸಿಲಲ್ಲೇ ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ.

"ಅಳ್ಬ್ಯಾಡ ಕಣೇ ಜಯ. ಮಂಡಿ ಸವ್ದೋಗವೆ, ಅಷ್ಟೆಯ" ಅಂದಳು. ಆಮೇಲೆ ನನ್ನ ಮುಖ ಹಿಡಿದು, "ಊರ್ಗೆ ಏಳ್ಬ್ಯಾಡ. ಅಣ್ಣಂಗಂತೂ ಏಳ್ಲೇಬ್ಯಾಡ. ಇಲ್ಲೂ ಯಾರ್ಗೂ ಏಳ್ಬ್ಯಾಡ" ಅಂತ ಆಣೆ ಹಾಕಿಸಿಕೊಂಡಳು. ಅಷ್ಟು ವರ್ಷ ಆ ದೇಶದ ನೀರು ಕುಡಿದರೂ ಅವಳ ಮಾತು ಅರಕಲಗೂಡು ದಾಟಿರಲಿಲ್ಲ.

ಗೋಡೆಯ ಮೇಲಿನ ಕಾಗದ

ಕೆಳಗೆ ಕಟ್ಟಡದ ಬಾಗಿಲಲ್ಲೊಂದು, ಲಿಫ್ಟಿನ ಪಕ್ಕದಲ್ಲೊಂದು, ಅಕ್ಕನ ಮನೆಯೊಳಗೆ ಕೋಟು ನೇತುಹಾಕುವ ಗೂಟದ ಹತ್ತಿರವೊಂದು, ಹೀಗೆ ಹೋದಲ್ಲೆಲ್ಲ ಒಂದೇ ಕಾಗದ ಅಂಟಿಸಿದ್ದರು. ಏನಕ್ಕ ಇದು, ಮದುವೆ ಮನೆಯ ಬೋರ್ಡಿನ ಥರ, ಅಂತ ಕೇಳಿದೆ. ಬೆಂಕಿ ಬಿದ್ದರೆ ಏನು ಮಾಡಬೇಕು ಅನ್ನುವ ಕಾಗದ ಅಂದಳು. ಮನೆ ಬಾಡಿಗೆಗೆ ಕೊಟ್ಟವರು ಇದನ್ನು ಒಕ್ಕಲಿರುವ ಪ್ರತಿಯೊಬ್ಬರಿಗೂ ಕೊಡಬೇಕಂತೆ. ಹೊಸದಾಗಿ ಬಂದಾಗ ಒಮ್ಮೆ ಕೊಟ್ಟರೆ ಸಾಲದು, ವರ್ಷ ವರ್ಷವೂ ಕೊಡಬೇಕು. ಕಾನೂನಂತೆ.

ಅಕ್ಕ ಕನ್ನಡಕ ಹಾಕಿಕೊಂಡು ನನಗೆ ಅರ್ಥ ಹೇಳಿದಳು. "ನಿನ್ನ ಮನೇಲೆ ಬೆಂಕಿ ಬಿದ್ರೆ ಈಚೆಗ್ ಬಾ, ಬಾಗ್ಲು ಮುಚ್ಚು, ಫೋನ್ ಮಾಡು. ಇನ್ನೊಬ್ರ ಮನೇಲಿ ಬಿದ್ರೆ ನಿನ್ನ ಮನೇಲೇ ಇರು, ಬಾಗ್ಲು ಮುಚ್ಕೊಂಡಿರು. ಬೆಂಕಿ ವಗೆ ನಿನ್ ತಾವ್ಕೇ ಬಂದ್ರೆ ಮಾತ್ರ ಓಗು."

"ಇನ್ನೊಬ್ರ ಮನೇಗ್ ಬೆಂಕಿ ಬಿದ್ರೆ ಬಾಗ್ಲು ಮುಚ್ಕೊಂಡು ಕೂತ್ಕೋಬೇಕಾ? ಥೂ, ಇದ್ಯಾವ ಸೀಮೆ ನ್ಯಾಯ?"

ಅದಕ್ಕೂ ಕಾರಣವಿತ್ತು. ಓಣಿಯ ಪ್ರತಿ ಬಾಗಿಲೂ ಬೆಂಕಿಯನ್ನು ಸ್ವಲ್ಪ ಹೊತ್ತು ತಡೆಯುವಂಥ ದಪ್ಪ ಬಾಗಿಲು. ಬಿಟ್ಟರೆ ತಾನಾಗಿಯೇ ಮುಚ್ಚಿಕೊಳ್ಳಲು ಮೇಲೊಂದು ಮಡಚುವ ಕಬ್ಬಿಣದ ಕೈ ಇರುತ್ತದೆ. ಅದನ್ನು ಬಿಚ್ಚಬಾರದು, ಬಾಗಿಲಿಗೆ ಏನನ್ನೂ ಅಡ್ಡ ಇಡಬಾರದು, ಓಣಿಯಲ್ಲಿ ಸಾಮಾನು ಹಾಕಬಾರದು, ಕೆಟ್ಟರೆ ತಿಳಿಸಬೇಕು. ಎಲ್ಲರೂ ಒಟ್ಟಿಗೆ ಮೆಟ್ಟಿಲಿಗೆ ನುಗ್ಗಿದರೆ ಅಗ್ನಿಶಾಮಕದವರು ಹತ್ತುವುದು ಹೇಗೆ ಅಂತ ಅಕ್ಕ ಕೇಳಿದಳು.

ಮದುವೆಯಾದ ಹೊಸದರಲ್ಲಿ ನಾವು ಹಾಸನದಲ್ಲಿ ಒಂದು ವಠಾರದಲ್ಲಿ ಬಾಡಿಗೆಗಿದ್ದೆವು. ಮನೆ ಓನರಮ್ಮ ಮೊದಲ ದಿನವೇ ಬಂದು ಹೇಳಿದ್ದು ಇವತ್ತಿಗೂ ನೆನಪಿದೆ: ಗೋಡೆಗೆ ಮೊಳೆ ಹೊಡೀಬೇಡಿ, ನೀರು ಪೋಲು ಮಾಡಬೇಡಿ, ರಾತ್ರಿ ಗೇಟು ಹಾಕಿದ ಮೇಲೆ ಕೂಗಬೇಡಿ. ಬೆಂಕಿಯ ಮಾತು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಎತ್ತಿದ್ದರೆ ಬಾಯಿ ತೊಳಕೋ ಅನ್ನುತ್ತಿದ್ದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಜಾತಿ ನಮ್ಮದು. ಆದರೂ ಆ ವಠಾರವೇ ನನಗೆ ಚೆಂದ. ಒಬ್ಬರ ಮನೆಯ ಸಾರು ಕುದಿದರೆ ಇನ್ನೊಬ್ಬರಿಗೆ ಹಸಿವಾಗುತ್ತಿತ್ತು. ಯಾರಿಗೆ ಜ್ವರ, ಯಾರಿಗೆ ಮುಟ್ಟು, ಯಾರ ಮನೆಗೆ ಯಾವ ನೆಂಟರು, ಎಲ್ಲ ಎಲ್ಲರಿಗೂ ಗೊತ್ತಿರುತ್ತಿತ್ತು.

ಹುರುಳಿ ಚೀಲ

ದೀಪ ಹಚ್ಚುವ ಹೊತ್ತಿಗೆ ಬೀದಿ ಬಾಗಿಲು ತೆರೆದಿರಬೇಕು, ಲಕ್ಷ್ಮಿ ಬರುವ ಹೊತ್ತು. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ಹುಟ್ಟಿದಾಗಿನಿಂದ ನೋಡಿದ್ದು. ಅಕ್ಕನ ದೇವರ ಗೂಡಿನಲ್ಲಿ ದೀಪ ಹಚ್ಚಿ ನಾನು ಬಾಗಿಲು ತೆಗೆದರೆ, ಅದು ಹಿಂದಿನಿಂದ ಮೆಲ್ಲಗೆ ಬಂದು ಮುಚ್ಚಿಕೊಳ್ಳುತ್ತಿತ್ತು. ಮೊಂಡು ದನ ಹಟ್ಟಿಗೆ ನುಗ್ಗಿದ ಹಾಗೆ. ನಾನೇನು ಕಡಿಮೆಯೇ? ಊರಿನಿಂದ ತಂದ ಹುರುಳಿಕಾಳಿನ ಚೀಲವನ್ನೇ ಅಡ್ಡ ಇಟ್ಟೆ.

ಸ್ವಲ್ಪ ಹೊತ್ತಿಗೆ ಬಾಗಿಲು ಮುಚ್ಚಿತ್ತು, ಚೀಲ ಒಳಗಡೆ ಗೋಡೆಗೆ ಒರಗಿ ಕೂತಿತ್ತು. ಎದುರು ಮನೆಯ ಮುದುಕ ಕೀತ್, ಗಿಡಗಳಿಗೆ ನೀರು ಹಾಕುವ ಕ್ಯಾನು ಹಿಡಿದುಕೊಂಡು ಓಡಾಡುವ ಬಡಕಲು ಮನುಷ್ಯ, ಅವನದೇ ಕೆಲಸ. ಮಾರನೆಯ ಸಂಜೆಯೂ ನಾನು ಇಟ್ಟೆ, ಅವನು ತೆಗೆದ. ಹೀಗೇ ನಡೆಯಿತು. ಚೀಲದ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಲಿಫ್ಟಿನಲ್ಲಿ ಸಿಕ್ಕಿದರೆ ಅವನು ಹವಾಮಾನದ ಬಗ್ಗೆ ಏನೋ ಹೇಳಿ ನಗುತ್ತಿದ್ದ, ನಾನು ಮುಖ ಊದಿಸಿಕೊಳ್ಳುತ್ತಿದ್ದೆ. ಲಕ್ಷ್ಮಿಯನ್ನು ತಡೆದವನ ಜೊತೆ ಏನು ನಗುವುದು?

ಕೊನೆಗೆ ಸಿಕ್ಕಿಬಿದ್ದದ್ದು ಹೆಲೆನ್ ಕೈಗೆ. ಕಟ್ಟಡದ ಮಾಲೀಕರ ಕಡೆಯಿಂದ ಬಾಗಿಲು ಪರೀಕ್ಷೆಗೆ ಬರುವ ಹೆಂಗಸು ಅವಳು. ಅಡ್ಡ ಇಟ್ಟ ಚೀಲವನ್ನು ಎತ್ತಿ ಇದೇನು ಅಂದಳು. ಬೀಜದ ಅಂಗಡಿಯವಳಲ್ಲವೇ, ಇದೊಂದಕ್ಕೆ ನನ್ನ ಬಳಿ ಇಂಗ್ಲಿಷಿತ್ತು: "ಹಾರ್ಸ್ ಗ್ರಾಂ." ಕುದುರೆ ಎಲ್ಲಿದೆ ಅನ್ನುವ ಹಾಗೆ ಅವಳು ಒಳಗೆ ಇಣುಕಿದಳು. ಅಕ್ಕ ಎಲ್ಲ ಬಿಡಿಸಿ ಹೇಳಿದ ಮೇಲೆ ನಕ್ಕು, ದೇವತೆ ಬರುವಾಗ ತೆಗೆದು ಒಳಗೆ ಕರೆದು ತಕ್ಷಣ ಮುಚ್ಚಿಬಿಡಿ ಅಂದಳು. ಅಡ್ಡ ಮಾತ್ರ ಇಡಬೇಡಿ ಎಂದಳು.

ಆಮೇಲೆ ಅವಳು ಕುರ್ಚಿ ಎಳೆದುಕೊಂಡು ಬೇರೆಯದೇ ಪ್ರಶ್ನೆ ಕೇಳಿದಳು. ತೊಂದರೆಯಾದಾಗ ಮೆಟ್ಟಿಲು ಇಳಿಯಲು ನಿಮಗೆ ಆಗುತ್ತದಾ? ಸಹಾಯ ಬೇಕಾಗುವವರು ಇದ್ದರೆ ಮೊದಲೇ ತಿಳಿದುಕೊಂಡು, ಅವರ ಜೊತೆ ಕೂತು ಏನು ಮಾಡಬೇಕು ಅಂತ ಗೊತ್ತು ಮಾಡುವುದು ಹೊಸ ನಿಯಮವಂತೆ. ಒಪ್ಪಿದರೆ ಆ ವಿಷಯವನ್ನು ಕೆಳಗೆ ಬೀಗದ ಪೆಟ್ಟಿಗೆಯಲ್ಲಿ ಇಡುತ್ತಾರೆ, ಅಗ್ನಿಶಾಮಕದವರು ಬಂದ ಕೂಡಲೇ ನೋಡುತ್ತಾರೆ.

ಅಕ್ಕ ಓಣಿಯಲ್ಲಿ ಹೆಲೆನ್ ದನಿ ಕೇಳಿದ ಕೂಡಲೇ ನನ್ನ ಕೈಯಲ್ಲಿ ವಾಕರನ್ನು ಬಚ್ಚಲಿಗೆ ತಳ್ಳಿಸಿದ್ದಳು. ಮೇಜು ಹಿಡಿದುಕೊಂಡು ಎದ್ದು ನಿಂತು, ಧಾರಾಳವಾಗಿ ಇಳಿಯುತ್ತೇನೆ ಅಂದಳು. ಹೆಲೆನ್ ನನ್ನ ಕಡೆ ನೋಡಿದಳು. ನಾನು ಹೌದು ಅಂತ ತಲೆಯಾಡಿಸಿದೆ. ಹಿರಿಯಕ್ಕನ ಮಾತನ್ನು ಹೊರಗಿನವರ ಮುಂದೆ ಸುಳ್ಳು ಮಾಡುವುದು ನಮ್ಮಲ್ಲಿ ಉಂಟೇ?

ಅವಳು ಹೋದ ಮೇಲೆ ಕೇಳಿದೆ, ಯಾಕಕ್ಕ ಹೀಗೆ ಅಂತ. "ಏಳಿದ್ರೆ ಇಲ್ಲಿಂದ ಎಬ್ಬುಸ್ತಾರೆ ಕಣೇ. ಮುದುಕ್ರ ಮನೇಗ್ ಆಕ್ತಾರೆ" ಅಂದಳು. ಮಂಡಿ ನೀವಿಕೊಂಡಳು. ಆಮೇಲೆ, "ಜೀವಮಾನ ಎಲ್ಲ ಬ್ಯಾರೇರ್ನ ಎತ್ತಿ ಕೂರ್ಸ್ದೋಳು ನಾನು. ನನ್ನೇ ಎತ್ಬೇಕು ಅಂತ ಎಂಗ್ ಬಾಯ್ಬಿಟ್ ಏಳ್ಲಿ?" ಅಂದಳು.

ಊರಿಗೆ ಬರುವ ಮಾತು ಎತ್ತಿದೆ. ಚಳಿ ಕಳೀಲಿ ನೋಡಾನ ಅಂದಳು. ಚಳಿ ಇನ್ನೂ ಶುರುವೇ ಆಗಿರಲಿಲ್ಲ.

ಹೊಗೆ

ಒಂದು ಬೆಳಿಗ್ಗೆ ಅಕ್ಕನಿಗೆ ರೊಟ್ಟಿ ತಟ್ಟುತ್ತಿದ್ದೆ. ಸುಟ್ಟ ವಾಸನೆ ಬಂತು. ನನ್ನ ಹಂಚಿನದಲ್ಲ, ಪ್ಲಾಸ್ಟಿಕ್ಕು ಸುಟ್ಟ ಹಾಗೆ. ಕಿಟಕಿಯಲ್ಲಿ ಬಗ್ಗಿ ನೋಡಿದರೆ ಕೆಳಗಿನ ಯಾವುದೋ ಮಹಡಿಯಿಂದ ಹೊಗೆ ಏಳುತ್ತಿದೆ.

ಕಾಗದದಲ್ಲಿ ಏನಿತ್ತು ಎಲ್ಲ ಮರೆತುಹೋಯಿತು. ನಮ್ಮ ಮೈಗೆ ಅಂಟಿರುವುದು ಒಂದೇ. ಬೆಂಕಿ ಅಂದರೆ ನೀರು ಹಿಡಿದುಕೊಂಡು ಓಡಬೇಕು. ತವರಿನಲ್ಲಿ ಕೊಳವೆಯಲ್ಲಿ ಬಿಸಿ ಹಾಯಿಸಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗೆ ಒಂದು ಸಲ ಬೆಂಕಿ ಹತ್ತಿತ್ತು. ಎಲೆಯೊಂದು ಕಾದ ಕೊಳವೆಯ ಮೇಲೆ ಬಿದ್ದಿರಬೇಕು. ಅಪ್ಪ ಕೂಗಿದ್ದೇ ತಡ, ಊರಿನ ಕೊಡಗಳೆಲ್ಲ ಬಂದವು. ಮಾತು ಬಿಟ್ಟಿದ್ದ ದಾಯಾದಿಗಳೂ ಬಂದರು. ಇಬ್ಬರು ಗಂಡಸರು ಯಾರನ್ನೂ ಕೇಳದೆ ನೇರ ನಮ್ಮ ನಡುಮನೆಗೆ ನುಗ್ಗಿ, ಎದ್ದು ಓಡಾಡಲಾಗದ ಅಜ್ಜಿಯನ್ನು ಮಂಚದ ಸಮೇತ ಎತ್ತಿ ಬೇವಿನ ಮರದ ಕೆಳಗೆ ಇಟ್ಟರು. ಅಜ್ಜಿ "ನನ್ನ ಎಲಡ್ಕೆ ಚೀಲ ತನ್ರೋ ಮುಂಡೇವಾ" ಅಂತ ಅಲ್ಲಿಂದಲೇ ಬೈಯುತ್ತಿದ್ದಳು. ಯಾರ ಮನೆಯಲ್ಲಿ ಯಾರು ನಡೆಯಲಾರರು ಅಂತ ಊರಿಗೆ ಕಾಗದ ಬರೆದು ತಿಳಿಸಬೇಕಾಗಿರಲಿಲ್ಲ.

ಅಕ್ಕ ಸ್ನಾನಕ್ಕೆ ಊರಿನಂತೆಯೇ ಬಕೆಟ್ಟು ಚೊಂಬು ಇಟ್ಟುಕೊಂಡಿದ್ದಳು. ಅದನ್ನು ತುಂಬಿಸಿಕೊಂಡೆ. "ಎಲ್ಲಿಗೇ? ನಿಂತ್ಕಳೇ, ಬಾಗ್ಲು ತೆಗೀಬ್ಯಾಡ!" ಅಂತ ಅಕ್ಕ ಕೂಗುತ್ತಲೇ ಇದ್ದಳು. ನಾನು ಓಣಿಯಲ್ಲಿದ್ದೆ. ಬೆನ್ನ ಹಿಂದೆ ಬಾಗಿಲು ಮೆಲ್ಲಗೆ ಬಂದು ಟಕ್ ಅಂತ ಕೂತಿತು.

ಕೀಲಿ ಒಳಗೆ, ಫೋನು ಒಳಗೆ, ನಾನು ಹೊರಗೆ, ಕೈಯಲ್ಲಿ ನೀರು ತುಂಬಿದ ಬಕೆಟ್ಟು. ಓಣಿಯ ತುದಿಯಲ್ಲಿ ತೆಳ್ಳಗೆ ಹೊಗೆ ಹಬ್ಬುತ್ತಿತ್ತು. ಬಾಗಿಲು ಬಡಿದು ಅಕ್ಕ ಅಕ್ಕ ಅಂತ ಕೂಗಿದೆ. ಅವಳು ಎದ್ದು ಬರುವಷ್ಟರಲ್ಲಿ ಏನಾಗುತ್ತದೋ, ಅವಸರದಲ್ಲಿ ಬಿದ್ದುಬಿಟ್ಟರೆ ಅಂತ ಜೀವ ಬಾಯಿಗೆ ಬಂತು. ಅಷ್ಟರಲ್ಲಿ ಎದುರು ಬಾಗಿಲು ತೆರೆಯಿತು. ಕೀತ್ ನನ್ನ ರಟ್ಟೆ ಹಿಡಿದು, ಬಕೆಟ್ಟಿನ ಸಮೇತ ಒಳಗೆ ಎಳೆದುಕೊಂಡು ಬಾಗಿಲು ಮುಚ್ಚಿದ.

ಅವನು ಆಗಲೇ ಫೋನಿನಲ್ಲಿ ಅಗ್ನಿಶಾಮಕದವರ ಜೊತೆ ಮಾತಾಡುತ್ತಿದ್ದ. ಆ ಕಡೆಯಿಂದ ಏನೋ ಕೇಳಿದರು. ಅವನು ಫೋನು ಕಿವಿಯಿಂದ ಸರಿಸಿ, ನನಗೆ ಅರ್ಥವಾಗಲೆಂದು ನಿಧಾನವಾಗಿ ಕೇಳಿದ: ನಿಮ್ಮ ಅಕ್ಕ ಮೆಟ್ಟಿಲು ಇಳಿಯಬಲ್ಲರೇ?

ಹಾಕಿದ ಆಣೆ ನೆನಪಾಯಿತು. ಎರಡು ಬಾಗಿಲಿನಾಚೆ ಒಬ್ಬಳೇ ಇರುವ ಅಕ್ಕನೂ ಕಣ್ಣಿಗೆ ಕಟ್ಟಿದಳು. "ನೋ," ಅಂದೆ. "ಸಿಸ್ಟರ್ ನೋ ವಾಕ್. ಪ್ಲೀಸ್." ಅವನು ಅಕ್ಕನ ಹೆಸರು, ಮನೆ ನಂಬರು, ಮಹಡಿ, ವಿಷಯ ಎಲ್ಲವನ್ನೂ ಫೋನಿಗೆ ಹೇಳಿದ. ಆಮೇಲೆ ನನ್ನ ಕೈಯಿಂದ ಬಕೆಟ್ಟು ಬಿಡಿಸಿ ಕೆಳಗಿಟ್ಟು, ಕೂರಿಸಿ, ಚಹಾ ಕೊಟ್ಟ. ಆ ಚಹಾ ಕುಡಿಯುವಂತಿರಲಿಲ್ಲ, ಆದರೂ ಪೂರ್ತಿ ಕುಡಿದೆ.

ಸುಟ್ಟದ್ದು ಕೆಳಗಿನ ಮಹಡಿಯ ಒಂದು ಅಡುಗೆಮನೆ. ಬಾಗಿಲು ಮುಚ್ಚಿದ್ದರಿಂದ ಬೆಂಕಿ ಅದೇ ಕೋಣೆಯಲ್ಲಿ ಉಳಿದು ಅಲ್ಲೇ ಆರಿತು. ಯಾರಿಗೂ ಏನೂ ಆಗಲಿಲ್ಲ. ಹೆಲ್ಮೆಟ್ಟು ಹಾಕಿದ ಇಬ್ಬರು ನಮ್ಮ ಮಹಡಿಗೆ ಬಂದು ಮೊದಲು ತಟ್ಟಿದ್ದು ಅಕ್ಕನ ಬಾಗಿಲನ್ನೇ. ಅಕ್ಕ ಬಾಗಿಲ ಸಂದಿಗೆ ಒದ್ದೆ ಟವೆಲು ತುರುಕಿ, ಕುರ್ಚಿಯಲ್ಲಿ ಕೂತಿದ್ದಳು. ಅವರು ಅವಳನ್ನು ಹೆಸರು ಹಿಡಿದು ಮಾತಾಡಿಸಿ, ಇಳಿಸುವ ಅಗತ್ಯವಿಲ್ಲ ಅಂತ ಹೇಳಿ ಹೋದರು.

ಅವರು ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. "ಏಳ್ಬುಟ್ಯಲ್ಲೇ ಜಯ" ಅಂದಳು. ಬೈದಿದ್ದರೆ ಚೆನ್ನಾಗಿತ್ತು. ವಾಕರ್ ಹಿಡಿದು ಕೋಣೆಗೆ ಹೋಗಿ ಮಲಗಿಬಿಟ್ಟಳು. ರೊಟ್ಟಿಯನ್ನೂ ಮುಟ್ಟಲಿಲ್ಲ.

ಹೆಲೆನ್ ಮತ್ತೆ ಬಂದ ದಿನ

ಹೆಲೆನ್ ಬರುವ ಮುಂಚೆ ನಾನು ವಾಕರನ್ನು ಬಚ್ಚಲಿಗೆ ತಳ್ಳಲೋ ಬೇಡವೋ ಅಂತ ಹಿಡಿದುಕೊಂಡು ನಿಂತಿದ್ದೆ. ಇಲ್ಲೇ ಇರ್ಲಿ ಬುಡು, ಅಂದಳು ಅಕ್ಕ.

ಹೆಲೆನ್ ಅದೇ ಕುರ್ಚಿಯಲ್ಲಿ ಕೂತು, ಹಿಂದಿನ ಸಲದ ಸುಳ್ಳಿನ ಮಾತೇ ಎತ್ತದೆ, ಅದೇ ಪ್ರಶ್ನೆಯನ್ನು ಅದೇ ಮೆತ್ತಗಿನ ದನಿಯಲ್ಲಿ ಮತ್ತೆ ಕೇಳಿದಳು. ಅಕ್ಕ ನನ್ನ ಕಡೆ ನೋಡಿದಳು. ಇನ್ನೊಮ್ಮೆ ನಾನೇ ಹೇಳಿಬಿಡಲಿ ಅನ್ನುವ ನೋಟ. ನಾನು ಬಾಯಿ ತೆರೆಯಲಿಲ್ಲ. ಆ ಕ್ಷಣದಲ್ಲಿ ಅಕ್ಕನನ್ನು ಕಂಡು ನನಗೆ ಆದ ಸಂಕಟ ಅಷ್ಟಿಷ್ಟಲ್ಲ.

"ನನ್ನಿಂದ ಆಗುವುದಿಲ್ಲ" ಅಂತ ಅಕ್ಕ ಇಂಗ್ಲಿಷಿನಲ್ಲಿ ಹೇಳಿದಳು. "ಬಹಳ ದಿನದಿಂದ ಆಗುತ್ತಿಲ್ಲ. ನನ್ನನ್ನು ಇಲ್ಲಿಂದ ಕಳಿಸಿಬಿಡುತ್ತೀರಾ?"

ಹೆಲೆನ್ ಪೆನ್ನು ಕೆಳಗಿಟ್ಟಳು. ಇದು ನಿಮ್ಮ ಮನೆ, ಹೇಳಿದ್ದಕ್ಕೆ ಯಾರೂ ಕಳಿಸುವುದಿಲ್ಲ, ಹೇಳಿದರೆ ಎಲ್ಲಿಗೆ ಬರಬೇಕು ಅಂತ ಅಗ್ನಿಶಾಮಕದವರಿಗೆ ಗೊತ್ತಾಗುತ್ತದೆ, ಅಷ್ಟೇ ಅಂದಳು. ಕೆಳಗಿನ ಪೆಟ್ಟಿಗೆಯಲ್ಲಿ ಇಡಲು ಒಪ್ಪಿಗೆ ಇದೆಯಾ ಅಂತ ಕೇಳಿದಳು. ಅಕ್ಕ ಒಪ್ಪಿದಳು. ಹೋಗುವಾಗ ಹೆಲೆನ್ ಬಾಗಿಲನ್ನು ಒಮ್ಮೆ ತೆಗೆದು ಬಿಟ್ಟು, ಅದು ತಾನಾಗಿ ಮುಚ್ಚಿಕೊಳ್ಳುವುದನ್ನು ನೋಡಿಕೊಂಡೇ ಹೋದಳು.

ನಾನು ಕಣ್ಣೊರೆಸಿಕೊಂಡು, ನೋಡಕ್ಕ, ಊರಲ್ಲಾಗಿದ್ದರೆ ಇದೆಲ್ಲ ಕೇಳುವುದೇ ಬೇಡ, ಕಣ್ಣಲ್ಲೇ ತಿಳಿದುಕೊಂಡು ಎತ್ತಿಕೊಂಡು ಹೋಗುತ್ತಿದ್ದರು ಅಂತ ನಮ್ಮವರ ಹೊಗಳಿಕೆಗೆ ಶುರುಮಾಡಿದ್ದೆ. ಅಕ್ಕ ಫೋನನ್ನು ನನ್ನ ಕಡೆ ಚಾಚಿದಳು. ಅಣ್ಣನಿಗೆ ವಿಡಿಯೋ ಕಾಲ್ ಹಾಕಿಕೊಡು ಅಂದಳು.

ಅಣ್ಣ ಹೊಗೆಸೊಪ್ಪು ಪೋಣಿಸುವ ಚಪ್ಪರದ ಕೆಳಗೆ ಕೂತಿದ್ದ. ಯಾವತ್ತಿನಂತೆ, "ಏನವ್ವ, ಈ ವರ್ಸನಾದ್ರೂ ಬತ್ತೀಯೋ ಇಲ್ವೋ?" ಅಂದ.

"ಬತ್ತೀನಿ ಕಣಣ್ಣ" ಅಂದಳು ಅಕ್ಕ. ಫೋನನ್ನು ನನ್ನ ಕೈಗೆ ಕೊಟ್ಟು, ವಾಕರ್ ಹಿಡಿದು ಎದ್ದು, ಅಣ್ಣನಿಗೆ ಕಾಣುವ ಹಾಗೆ ಕೋಣೆಯ ಆ ತುದಿಯಿಂದ ಈ ತುದಿಗೆ ನಡೆದಳು. "ನಾನೀಗ ನಡ್ಯದು ಇಂಗೆ. ಮೆಟ್ಲು ಅತ್ತಿ ಇಳ್ಯಕ್ಕೆ ಆಗಲ್ಲ. ಇಬ್ರು ಬಂದು ಎತ್ತಿ ಇಳಿಸ್ಕೋಬೇಕು."

ಅಣ್ಣ ಕೈಯಲ್ಲಿದ್ದ ಹೊಗೆಸೊಪ್ಪು ಕೆಳಗಿಟ್ಟ. ಆಮೇಲೆ ಒಡೆದ ದನಿಯಲ್ಲಿ, "ಅಷ್ಟೇ ತಾನೆ? ಅದ್ನ ಏಳಕ್ಕೆ ಇಷ್ಟು ವರ್ಸ ಬೇಕಾಯ್ತಾ ನಿಂಗೆ?" ಅಂದ.

"ಇಲ್ಲಿ ಕೇಳಿದ್ರು, ಏಳ್ದೆ ಕಣಣ್ಣ. ನೀವೆಲ್ಲ ಬತ್ತೀಯಾ ಬತ್ತೀಯಾ ಅಂತ ಕೇಳಿದ್ರಿ. ಯಾಕ್ ಬತ್ತಾ ಇಲ್ಲ ಅಂತ ಒಬ್ರೂ ಕೇಳ್ನಿಲ್ಲ."